ಅಮ್ಮಮ್ಮನ ಸೀರೆಗೆ ವಿಕ್ಟೋರಿಯಾ ನೆರಿಗೆ

ಬೇಸಿಗೆ ರಜೆ ಶುರುವಾಗಿ ವಾರವೂ ಕಳೆದಿರಲಿಲ್ಲ. ಒಂಬತ್ತನೇ ಕ್ಲಾಸು ಮುಗಿಸಿದ ಮಗಳು ಒಂದು ಚಿತ್ರವನ್ನು ತಂದು ನನ್ನ ಮುಂದೆ ಹಿಡಿದಳು. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷ್ ಹುಡುಗಿಯೊಬ್ಬಳ ಉಡುಪು. ಬುಗ್ಗೆ ತೋಳು, ಕುತ್ತಿಗೆಯ ಸುತ್ತ ಲೇಸು, ಸೊಂಟದಿಂದ ಕೆಳಗೆ ಮೂರು ಅಂತಸ್ತಿನ ಫ್ರಿಲ್ಲು.

"ಅಮ್ಮ, ನಂಗೆ ಇಂಥದ್ದೇ ಬೇಕು. ನಾನೇ ಹೊಲೀತೇನೆ."

ಸಾಲಿಗ್ರಾಮದ ಏಪ್ರಿಲ್ ಸೆಕೆ ಬಲ್ಲವರಿಗೆ ನನ್ನ ಮುಖ ಹೇಗಾಗಿರಬಹುದೆಂದು ವಿವರಿಸಬೇಕಿಲ್ಲ. ಹಿಂದಿನ ವರ್ಷ ಒಂದು ಮದುವೆಗೆಂದು ಕೊಡಿಸಿದ ಪಾಲಿಯೆಸ್ಟರ್ ಗೌನು ಇನ್ನೂ ಕಪಾಟಿನಲ್ಲಿ ನೇತಾಡುತ್ತಿದೆ. ಊಟದ ಪಂಕ್ತಿ ಏಳುವ ಮೊದಲೇ ಅದನ್ನು ಕಿತ್ತೆಸೆಯಲು ಅವಳು ಗೋಗರೆದಿದ್ದಳು.

"ಹಾಗಾದರೆ ಅವರು ಬೇಸಿಗೆಯಲ್ಲಿ ಇದನ್ನು ಹೇಗೆ ಹಾಕ್ತಿದ್ರು?" ಎಂದು ಕೇಳಿದಳು. ಪ್ರಶ್ನೆ ನ್ಯಾಯವಾದದ್ದೇ. ತಾಯಿ ಮಗಳು ಕೂತು ಒಂದಿಷ್ಟು ಓದಿದೆವು. ವಿಕ್ಟೋರಿಯಾ ಪಟ್ಟದಲ್ಲಿದ್ದದ್ದು 1837ರಿಂದ 1901ರವರೆಗೆ. ಬೇಸಿಗೆಗೆ ಅಲ್ಲಿಯ ಹೆಂಗಸರು ಆರಿಸುತ್ತಿದ್ದದ್ದು ತೆಳ್ಳಗಿನ ಹತ್ತಿ ಬಟ್ಟೆಯನ್ನೇ. 1851ರಲ್ಲಿ ಐಸಾಕ್ ಸಿಂಗರ್ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದ. ಕೈಯಲ್ಲಿ ದಿನಗಟ್ಟಲೆ ಹಿಡಿಯುತ್ತಿದ್ದ ಕೆಲಸ ಗಂಟೆಗಳಿಗೆ ಇಳಿಯಿತು. ಉಳಿದ ಹೊತ್ತಿನಲ್ಲಿ ವಿಶ್ರಾಂತಿ ಪಡೆದರೇ? ಇಲ್ಲ, ಇನ್ನೂ ನಾಲ್ಕು ಸಾಲು ಫ್ರಿಲ್ಲು ಸೇರಿಸಿದರು! 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಬರುವುದು ಕಡಿಮೆಯಾದಾಗ ನಮ್ಮ ಧಾರವಾಡದ ಹತ್ತಿಗೆ ಬೇಡಿಕೆ ಬಂತು. ಅದು ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತುತ್ತಿದ್ದುದರಿಂದ ವ್ಯಾಪಾರಿಗಳ ಬಾಯಲ್ಲಿ 'ಕುಮಟಾ ಹತ್ತಿ' ಎಂದೇ ಹೆಸರಾಯಿತು.

"ಹಾಗಾದರೆ ಬಟ್ಟೆ ನಮ್ಮಲ್ಲೇ ಇದೆಯಲ್ಲ" ಎಂದವಳೇ ಪೆಟ್ಟಿಗೆ ತೆರೆದು ನನ್ನ ಅಮ್ಮನ ಉಡುಪಿ ಸೀರೆಯನ್ನು ಹೊರತೆಗೆದಳು.

ನಾನು ಹೌಹಾರಿದೆ. ಅಮ್ಮ ತೀರಿಕೊಂಡ ಮೇಲೆ ನನ್ನ ಪಾಲಿಗೆ ಬಂದದ್ದು ಅದೊಂದೇ ಸೀರೆ. ತೆಳುನೂಲಿನ, ಗಾಳಿಯಷ್ಟು ಹಗುರ ಕೈಮಗ್ಗದ್ದು. 2016ರಲ್ಲಿ ಉಡುಪಿ ಸೀರೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತೆಂದು ಪೇಪರಿನಲ್ಲಿ ಓದಿದ ದಿನ, ಅದನ್ನು ಹೊಸ ಮಡಿಕೆ ಮಾಡಿ ಪೆಟ್ಟಿಗೆಯ ತಳಕ್ಕೆ ಸೇರಿಸಿದ್ದೆ. ಅದಕ್ಕೆ ಕತ್ತರಿಯೇ? "ಸಾಧ್ಯವೇ ಇಲ್ಲ" ಎಂದೆ. ಮಗಳು ಮೂರು ದಿನ ಮಾತು ಬಿಟ್ಟಳು.

ನಾಲ್ಕನೆಯ ದಿನ ಯಾಕೋ ನಾನೇ ಸೀರೆ ಬಿಡಿಸಿದೆ. ಮಡಿಕೆಯ ಗೆರೆಯಲ್ಲಿ ಎರಡು ಕಡೆ ಎಳೆ ಬಿಟ್ಟು ಬೆಳಕು ಕಾಣುತ್ತಿತ್ತು. ಜೋಪಾನ ಮಾಡಿದ್ದೇನೆ ಎಂದುಕೊಂಡಿದ್ದೆ. ಹತ್ತಿ ಸೀರೆ ಮಡಿಕೆಯಲ್ಲೇ ಸಾಯುತ್ತಿತ್ತು. ಆಗ ನೆನಪಾಯಿತು: ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಅಮ್ಮ ತನ್ನ ಸೀರೆಯೊಂದನ್ನು ಕತ್ತರಿಸಿ ನನಗೆ ಫ್ರಿಲ್ಲಿನ ಫ್ರಾಕು ಹೊಲಿದಿದ್ದಳು, ಇದೇ ಕಾಲು ಮೆಷಿನ್ನಿನಲ್ಲಿ. ಅವಳ ಕೈ ನಡುಗಿದ್ದು ನನಗೆ ನೆನಪಿಲ್ಲ. ಮಗಳನ್ನು ಕರೆದು ಕತ್ತರಿ ಕೊಟ್ಟೆ.

ಅವಳು ಮೊದಲು ಎತ್ತಿಕೊಂಡದ್ದು ಕತ್ತರಿಯನ್ನಲ್ಲ, ನೋಟ್‌ಬುಕ್ಕನ್ನು. ಪ್ರತಿ ಅಂತಸ್ತು ಮೇಲಿನದರ ಇಮ್ಮಡಿ ಇರಲಿ ಎಂದು ಲೆಕ್ಕ ಹಾಕಿದಳು. ಸೊಂಟ 26 ಅಂಗುಲ. ಆಮೇಲೆ 52, 104, 208. ಒಟ್ಟು 364. ಮೇಲಂಗಿಗೆ, ತೋಳಿಗೆ ಬೇಕಾದದ್ದನ್ನೂ ಜೀರ್ಣವಾದ ಜಾಗವನ್ನೂ ಬಿಟ್ಟರೆ ಫ್ರಿಲ್ಲಿಗೆ ಸಿಗುತ್ತಿದ್ದದ್ದು 260 ಅಂಗುಲದ ಪಟ್ಟಿ ಮಾತ್ರ. ಒಂದು ಸಂಜೆಯಿಡೀ ಪೆನ್ಸಿಲು ಕಚ್ಚಿದಳು. ಕೊನೆಗೆ ಮೊದಲನೆಯದನ್ನು ಮಾತ್ರ ಇಮ್ಮಡಿ ಮಾಡಿ, ಉಳಿದೆರಡನ್ನು ಒಂದೂವರೆ ಪಟ್ಟು ಮಾಡಿದಳು: 52, 78, 117. ಒಟ್ಟು 247. "ಹದಿಮೂರು ಅಂಗುಲ ಉಳೀತು!" ಎಂದು ಕೂಗಿದಳು. ಗಣಿತದ ಪರೀಕ್ಷೆ ಬರೆದು ಬಂದ ಯಾವ ದಿನವೂ ಆ ದನಿ ನಮ್ಮ ಮನೆಯಲ್ಲಿ ಕೇಳಿಸಿರಲಿಲ್ಲ.

ಹೊಲಿಗೆ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಉದ್ದ ಹೊಲಿಗೆಯ ಎರಡು ಸಾಲು ಹಾಕಿ ಕೆಳಗಿನ ನೂಲು ಎಳೆದರೆ ನೆರಿಗೆ ಕೂಡುತ್ತದೆ. ಆದರೆ 117 ಅಂಗುಲವನ್ನು ಒಂದೇ ಉಸಿರಿಗೆ ಎಳೆದದ್ದರಿಂದ ನೂಲು ಪಟ್ಟೆಂದು ತುಂಡಾಯಿತು. ಎರಡನೆಯ ಸಲವೂ ಅದೇ. ಅಳು ಬಂದಿತ್ತು, ಬೆವರಿನಲ್ಲಿ ಅದು ಗೊತ್ತಾಗಲಿಲ್ಲ. ಆಗ ಅಮ್ಮ ನನಗೆ ಹೇಳಿಕೊಟ್ಟದ್ದನ್ನು ಹೇಳಿಕೊಟ್ಟೆ: ಮೇಲಿನದನ್ನೂ ಕೆಳಗಿನದನ್ನೂ ನಾಲ್ಕು ನಾಲ್ಕು ಸಮಭಾಗ ಮಾಡು, ಗುರುತಿಗೆ ಗುರುತು ಕೂಡಿಸಿ ಗುಂಡುಸೂಜಿ ಚುಚ್ಚು, ಒಂದೊಂದು ಭಾಗವನ್ನೇ ಎಳೆ. ಹೊಲಿಗೆ ಬಿಚ್ಚಿ ಮತ್ತೆ ಕೂತಳು. ಹನ್ನೊಂದು ದಿನ ಹಿಡಿಯಿತು. ಲೈನಿಂಗಿಗೆ ಅಪ್ಪನ ಹಳೆಯ ಪಂಚೆ. ಸೆರಗಿನ ತುದಿಯಲ್ಲಿ ಗೇರುಹಣ್ಣಿನ ಹಳೆಯ ಕಂದು ಕಲೆಯೊಂದಿತ್ತು. ಅದನ್ನು ಒಳಗೆ ಮಡಚು ಎಂದೆ. "ಬೇಡ, ಅಮ್ಮಮ್ಮನದ್ದು, ಇರಲಿ" ಎಂದು ಕೆಳಗಿನ ಫ್ರಿಲ್ಲಿನಲ್ಲೇ ಉಳಿಸಿಕೊಂಡಳು.

ಹೊಲಿಗೆ ಮುಗಿದ ಸಂಜೆ ಅದನ್ನು ತೊಟ್ಟು ಅಂಗಳಕ್ಕಿಳಿದಳು. ಒಂದು ಹೊಲಿಗೆ ಸೊಟ್ಟಗಿತ್ತು, ಎಡತೋಳು ಬಲತೋಳಿಗಿಂತ ಚೂರು ಹೆಚ್ಚೇ ಉಬ್ಬಿತ್ತು. ಆದರೆ ಗಾಳಿ ಬೀಸಿದಾಗ ಮೂರೂ ಅಂತಸ್ತು ಅಲೆಯ ಹಾಗೆ ಎದ್ದು ಕೂತವು. ಮೈಗೆ ಎಲ್ಲಿಯೂ ಅಂಟಲಿಲ್ಲ.

ಪಕ್ಕದ ಮನೆಯ ಅಜ್ಜಿ ಜಗಲಿಯಿಂದಲೇ ಕೇಳಿದರು, "ಇದ್ ಯಾವ್ ಮೇಳದ್ ವೇಷ ಹೆಣೆ?" ಮಕ್ಕಳ ಮೇಳದ ಊರಿನಲ್ಲಿ ಈ ಪ್ರಶ್ನೆ ಬಾರದೇ ಇದ್ದೀತೇ? ಮಗಳು ನಗುತ್ತ ಹತ್ತಿರ ಹೋಗಿ ಒಂದು ಸುತ್ತು ತಿರುಗಿದಳು. ಅಜ್ಜಿ ಫ್ರಿಲ್ಲನ್ನು ಹಿಡಿದು, ಕಣ್ಣಿನ ಹತ್ತಿರ ತಂದು, ಸುಮ್ಮನಾದರು.

"ಇದ್ ನಿನ್ ಅಮ್ಮಮ್ಮನ್ ಸೀರಿ ಅಲ್ದಾ? ಈ ಕಲಿ ನಾನೇ ಮಾಡಿದ್ದ್."

ಹಾಡಿಯಲ್ಲಿ ಇಬ್ಬರೂ ಗೇರುಬೀಜ ಹೆಕ್ಕಲು ಹೋದದ್ದು, ಇವರು ತಮಾಷೆಗೆ ಎಸೆದ ಹಣ್ಣು ಹೊಸ ಸೀರೆಗೆ ತಾಗಿದ್ದು, ಅಮ್ಮ ಎರಡು ದಿನ ಮಾತು ಬಿಟ್ಟದ್ದು... ಇದಾವುದನ್ನೂ ನಾನು ಕೇಳಿರಲಿಲ್ಲ. ಮಗಳು ಫ್ರಿಲ್ಲುಗಳನ್ನು ಹರಡಿಕೊಂಡು ಅವರ ಕಾಲ ಬಳಿ ಕೂತಳು. ದೀಪ ಹಚ್ಚುವ ಹೊತ್ತಾಗಿತ್ತು. ಒಳಗೆ ಬಾ ಎಂದು ಕರೆಯಲು ನನಗೆ ಮನಸ್ಸಾಗಲಿಲ್ಲ. ನಾನೂ ಹೋಗಿ ಜಗಲಿಯಲ್ಲಿ ಕೂತೆ.