ಚಿತ್ ಆದದ್ದು ಹೇಗೆ?

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಕುಸ್ತಿಪ್ರಿಯರಿಗೆ ಪತ್ರಿಕೆ ಎಂದರೆ ಜಾತ್ರೆಯ ಹ್ಯಾಂಡ್‌ಬಿಲ್. ಡಂಗುರದ ಕಾಲ ಹಿಂದೆ ಸರಿದು ಪಟ್ಟಣಗಳಿಗೆ ಟ್ರೆಡಲ್ ಪ್ರೆಸ್ ಬಂದ ಮೇಲೆ ಗುಲಾಬಿ, ಹಳದಿ ಬಣ್ಣದ ಈ ತೆಳು ಹಾಳೆ ಚಹಾದಂಗಡಿ, ಕ್ಷೌರದಂಗಡಿ, ಬಸ್ ನಿಲ್ದಾಣದ ಗೋಡೆ ಸೇರಿತು. ನೆತ್ತಿಯಲ್ಲಿ ಊರ ದೇವರ ಹೆಸರು, ಅದರ ಕೆಳಗೆ ದಪ್ಪಕ್ಷರದಲ್ಲಿ ‘ಜಂಗಿ ನಿಕಾಲಿ ಕುಸ್ತಿ’, ಆಮೇಲೆ ಜೋಡಿಗಳು. ಬೆಳ್ಳಿ ಕಡಗಕ್ಕೆ ಸೆಣಸುವ ಜೋಡಿಗೆ ದೊಡ್ಡ ಮೊಳೆ; ಇನಾಮು ಇಳಿದಂತೆ ಅಕ್ಷರವೂ ಇಳಿಯುತ್ತದೆ. ತೆಂಗಿನಕಾಯಿಗೆ ಹಿಡಿಯುವ ಹುಡುಗರಿಗೆ ಹೆಸರಿನ ಸಾಲೂ ಇರುವುದಿಲ್ಲ.

ಈ ಹಾಳೆಯನ್ನು ಓದುವುದೇ ಒಂದು ಸುಖ. ಹೆಸರಿನ ಹಿಂದೆ ‘ಪೈ.’ (ಪೈಲ್ವಾನ), ಮುಂದೆ ಊರು, ಗರಡಿ. ಬಲ್ಲವರಿಗೆ ಅಷ್ಟು ಸಾಕು. ಒಬ್ಬ ಕೊಲ್ಹಾಪುರದ ತಾಲೀಮಿನಲ್ಲಿ ಮಣ್ಣು ಹೊತ್ತವನು, ಇನ್ನೊಬ್ಬ ದಾವಣಗೆರೆಯ ಕ್ರೀಡಾ ವಸತಿನಿಲಯದಲ್ಲಿ ಮ್ಯಾಟ್ ಮೇಲೆ ಬೆಳೆದವನು ಎಂದಾದರೆ ಕುಸ್ತಿ ಹೇಗೆ ಸಾಗೀತು ಎಂಬ ವಾದ ಚಹಾದಂಗಡಿಯಲ್ಲೇ ಶುರುವಾಗುತ್ತದೆ. ಒಳ್ಳೆಯ ಮೊಳೆ ಜೋಡಣೆಗಾರ ಎರಡೂ ಹೆಸರನ್ನು ಒಂದೇ ಅಳತೆಯ ಅಕ್ಷರದಲ್ಲಿ, ಒಂದೇ ಸಾಲಿನಲ್ಲಿ ಕೂಡಿಸುತ್ತಿದ್ದ. ಜೋಡಿ ಸಮನಾಗಿದೆ ಎಂದು ಪಂಚರು ಕೊಟ್ಟ ಮಾತನ್ನು ಅಚ್ಚು ಹೀಗೆ ಉಳಿಸುತ್ತಿತ್ತು.

ಫ್ಲೆಕ್ಸ್ ಬಂದ ಮೇಲೆ ಈ ಕಸುಬು ಕೆಟ್ಟಿತು. ಈಗ ಮೇಲಿನ ಅರ್ಧದಲ್ಲಿ ಮುಖಂಡರು, ಬದಿಗಳಲ್ಲಿ ಶುಭ ಕೋರುವವರು, ತಳದಲ್ಲಿ ಪ್ರಾಯೋಜಕರು. ಮೈಯೆಲ್ಲ ಮಣ್ಣು ಮಾಡಿಕೊಳ್ಳುವ ಪೈಲ್ವಾನರಿಗೆ ಉಳಿಯುವುದು ಬೆರಳಗಲದ ಜಾಗ. ಗರಡಿಯ ಹೆಸರು ಬಿಟ್ಟುಹೋಗಿರುತ್ತದೆ, ಕಲಿಸಿದ ವಸ್ತಾದನ ಹೆಸರಂತೂ ಇಲ್ಲವೇ ಇಲ್ಲ. ಕುಸ್ತಿಯ ಪ್ರಕಟಣೆಯಲ್ಲಿ ಕುಸ್ತಿಯನ್ನೇ ಹುಡುಕಬೇಕಾಗಿ ಬಂದಿರುವುದು ನಾಚಿಕೆಗೇಡು.

ಹಳೆಯ ಹ್ಯಾಂಡ್‌ಬಿಲ್‌ಗೂ ಒಂದು ದೊಡ್ಡ ಕೊರತೆಯಿತ್ತು. ಯಾರು ಯಾರೊಡನೆ ಹಿಡಿಯುತ್ತಾರೆ ಎಂದು ಅದು ಹೇಳುತ್ತಿತ್ತು. ಹಿಡಿದ ಮೇಲೆ ಏನಾಯಿತು ಎಂದು ಯಾವ ಹಾಳೆಯೂ ಹೇಳಲಿಲ್ಲ. ಮರುದಿನದ ದಿನಪತ್ರಿಕೆಯ ಜಿಲ್ಲಾ ಪುಟದಲ್ಲಿ ಬಂದರೆ ಮೊದಲ ಜೋಡಿಯ ಗೆಲುವು ಬರುತ್ತದೆ, ಉಳಿದದ್ದು ‘ರೋಚಕ ಸೆಣಸಾಟ’. ಈ ‘ರೋಚಕ’ದಷ್ಟು ಸೋಮಾರಿ ಪದ ಕುಸ್ತಿ ವರದಿಯಲ್ಲಿ ಇನ್ನೊಂದಿಲ್ಲ. ಚಿತ್ ಮಾಡಿದ ಪಟ್ಟು ಧೋಬಿಯೋ ಕಲಾಜಂಗೋ? ಧೋಬಿಯಲ್ಲಿ ಎದುರಾಳಿಯ ತೋಳನ್ನು ಹೆಗಲ ಮೇಲೆ ಎಳೆದುಕೊಂಡು, ಬೆನ್ನು ತಿರುಗಿಸಿ, ಬಟ್ಟೆ ಒಗೆದಂತೆ ಮುಂದಕ್ಕೆ ಒಗೆಯುತ್ತಾರೆ. ಕಲಾಜಂಗಿಗೆ ತೋಳನ್ನು ಬಿಗಿಯಾಗಿ ಸಿಕ್ಕಿಸಿ, ಮಂಡಿಯೂರಿ ಅವನ ಹೊಟ್ಟೆಯಡಿ ನುಗ್ಗಿ, ಇನ್ನೊಂದು ಕೈಯನ್ನು ತೊಡೆಗಳ ನಡುವೆ ತೂರಿಸಿ, ಇಡೀ ಆಳನ್ನು ಹೆಗಲ ಮೇಲೆ ಅಡ್ಡಲಾಗಿ ಎತ್ತಬೇಕು. ನುಗ್ಗುವುದು ಒಂದು ಕ್ಷಣ ತಡವಾದರೆ ಎತ್ತಲು ಹೋದವನೇ ಕೆಳಗೆ. ಇವೆರಡನ್ನೂ ‘ಗೆದ್ದರು’ ಎಂಬ ಒಂದೇ ಮಾತಿನಲ್ಲಿ ಮುಗಿಸುವುದು ಅನ್ಯಾಯ.

ಕುಸ್ತಿಯನ್ನು ಬರೆದಿಡುವುದು ಕನ್ನಡ ನಾಡಿಗೆ ಹೊಸತೇನೂ ಅಲ್ಲ. ಹಾನಗಲ್ಲಿನ ಕದಂಬರು ಯಾರಿಗೆ ಮಾಂಡಲಿಕರಾಗಿದ್ದರೋ ಆ ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವನ್ನು ವಿವರಿಸಿದ್ದಾನೆ. ಮಲ್ಲರ ದರ್ಜೆ, ಆಹಾರ, ಸಾಧನೆ, ವರಸೆ ಎಲ್ಲಕ್ಕೂ ಅಲ್ಲಿ ಜಾಗವಿದೆ. ಈಚಿನ ಕಾಲದಲ್ಲಿ ಇಂದೋರಿನಿಂದ ರತನ್ ಪಾಟೋದಿ ಹೊರಡಿಸಿದ ಹಿಂದಿಯ ‘ಭಾರತೀಯ ಕುಶ್ತಿ’ ಪೈಲ್ವಾನರ ಬದುಕನ್ನೂ ಅಖಾಡದ ನಡವಳಿಕೆಯನ್ನೂ ದಾಖಲಿಸಿತು. ಅಮೆರಿಕದ ವಿದ್ವಾಂಸ ಜೋಸೆಫ್ ಆಲ್ಟರ್ ಭಾರತದ ಕುಸ್ತಿಯ ಬಗ್ಗೆ 1992ರಲ್ಲಿ ಪ್ರಕಟಿಸಿದ ಪುಸ್ತಕಕ್ಕೆ ಆ ಪತ್ರಿಕೆಯ ಬರಹಗಳು ದೊಡ್ಡ ಆಧಾರವಾದವು.

ಕುಸ್ತಿಗೆಂದೇ ಪತ್ರಿಕೆ ಹೊರದೇಶದಲ್ಲೂ ಉಂಟು. ಅಮೆರಿಕದಲ್ಲಿ ಪ್ರಕಾಶಕ ಸ್ಟ್ಯಾನ್ಲಿ ವೆಸ್ಟನ್ 1966ರಲ್ಲಿ ‘ದ ರೆಸ್ಲರ್’ ಪತ್ರಿಕೆ ಆರಂಭಿಸಿದರು. ಅವರ ಸಂಸ್ಥೆಯಿಂದ 1979ರಲ್ಲಿ ‘ಪ್ರೊ ರೆಸ್ಲಿಂಗ್ ಇಲಸ್ಟ್ರೇಟೆಡ್’ ಬಂತು. ಅಲ್ಲಿಯ ವೃತ್ತಿಪರ ಕುಸ್ತಿಯ ಗೆಲುವು ಮೊದಲೇ ಗೊತ್ತುಮಾಡಿದ್ದು. ಆದರೂ ಆ ಪತ್ರಿಕೆ ಪಂದ್ಯಗಳ ಫಲಿತಾಂಶವನ್ನು ಶ್ರದ್ಧೆಯಿಂದ ಅಚ್ಚು ಹಾಕಿತು, 1991ರಿಂದ 500 ಮಂದಿಯ ವಾರ್ಷಿಕ ಶ್ರೇಣಿಯನ್ನೂ ಕೊಟ್ಟಿತು. ನಿಜವಾಗಿ ಬೆನ್ನು ಮಣ್ಣಿಗೆ ಹಚ್ಚುವ ಕುಸ್ತಿಗೆ ಇಲ್ಲಿ ಅಂಥ ಒಂದು ಪುಟವೂ ಇಲ್ಲ. ಚಿಕ್ಕೋಡಿ ಸೀಮೆಯ ಎಕ್ಸಂಬಾದ ಶ್ರೀಪತಿ ಖಂಚನಾಳೆ 1959ರಲ್ಲಿ ಕುಸ್ತಿಯ ‘ಹಿಂದ್ ಕೇಸರಿ’ ಬಿರುದು ಗೆದ್ದದ್ದು ಹೇಗೋ ಜನರ ನೆನಪಿನಲ್ಲಿ ಉಳಿದಿದೆ. ಆದರೆ ಜಾತ್ರೆಯ ಎರಡನೇ, ಮೂರನೇ ಜೋಡಿಯವರು ಉಳಿಯಬೇಕಾದರೆ ಕಾಗದವೇ ಬೇಕು.

ಈಗ ಮೊಬೈಲ್ ವಿಡಿಯೊ ಇದೆಯಲ್ಲ ಎನ್ನುವವರುಂಟು. ಹರಿದಾಡುವ ತುಣುಕು ಒಗೆತದಿಂದ ಶುರುವಾಗಿ ಹಲಗೆಯ ಸದ್ದಿಗೆ ಮುಗಿಯುತ್ತದೆ. ಅದಕ್ಕೆ ಮೊದಲಿನ ಕೈಕುಲುಕು, ಕುತ್ತಿಗೆಯ ಮೇಲಿನ ಒತ್ತಡ, ಹುಸಿ ನುಗ್ಗಾಟ ಎಲ್ಲ ಕತ್ತರಿಗೆ ಹೋಗಿರುತ್ತವೆ. ಬರೆದಿಡಲು ಬೇಕಾದದ್ದು ಹೆಚ್ಚೇನಿಲ್ಲ: ಎಷ್ಟು ಹೊತ್ತು ಹಿಡಿದರು, ಯಾವ ಪಟ್ಟಿಗೆ ಬಿದ್ದರು, ಸಮ ಬಿಟ್ಟಿದ್ದರೆ ಪಂಚರು ಯಾಕೆ ಬಿಟ್ಟರು. ಜೋಡಿಗಳ ಪಟ್ಟಿ ಜಾತ್ರಾ ಕಮಿಟಿಯ ಕೈಯಲ್ಲಿ ಮೊದಲೇ ಇರುತ್ತದೆ. ಕುಸ್ತಿ ಮುಗಿದ ವಾರದೊಳಗೆ ಅದನ್ನೇ ಫಲಿತಾಂಶದ ಸಮೇತ ಮತ್ತೊಮ್ಮೆ ಅಚ್ಚು ಮಾಡಿಸಿ ಹಂಚಬಹುದು. ಒಂದು ದೊಡ್ಡ ಫ್ಲೆಕ್ಸ್ ಕಡಿಮೆ ಕಟ್ಟಿದರೆ ಅದರ ಖರ್ಚು ಹುಟ್ಟುತ್ತದೆ.