ಮತ್ತೆ ಧಾರವಾಡಕ್ಕೆ

ಮೂವತ್ತು ವರ್ಷ ಒಂದೇ ವಿಷಯವನ್ನು ಬೋಧಿಸಿದ ಅಧ್ಯಾಪಕನಿಗೆ ಆ ವಿಷಯವೇ ಹೆಸರಾಗಿ ಅಂಟಿಕೊಳ್ಳುತ್ತದೆ. ಗಣಿತದ ಮೇಷ್ಟ್ರು, ಚರಿತ್ರೆಯ ಮೇಷ್ಟ್ರು ಎಂದೇ ಊರು ಅವನನ್ನು ಗುರುತಿಸುತ್ತದೆ. ನಿವೃತ್ತಿಯ ದಿನ ಆ ಹೆಸರನ್ನು ಕಳಚಿಟ್ಟ ಮೇಲೆ ಉಳಿಯುವವನು ಯಾರು? ಬಿ. ಎಂ. ಶ್ರೀಕಂಠಯ್ಯನವರ ಬಾಳಿನ ಕೊನೆಯ ವರ್ಷಗಳನ್ನು ನೆನೆದಾಗ ಈ ಪ್ರಶ್ನೆ ಏಳದೆ ಇರದು.

ವೃತ್ತಿಯಿಂದ ಅವರು ಇಂಗ್ಲಿಷ್ ಪ್ರಾಧ್ಯಾಪಕರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿಯೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿಯೂ ಪಾಠ ಹೇಳಿದವರು. ಇಂಗ್ಲಿಷ್ ಕಲಿತವರಲ್ಲಿ ಬಹುಮಂದಿ ಕನ್ನಡವನ್ನು ಮನೆಯ ಹೊಸ್ತಿಲೊಳಗೇ ಬಿಟ್ಟು ಹೊರಡುತ್ತಿದ್ದ ಕಾಲವದು. (ಆ ಕಾಲ ಪೂರ್ತಿ ಕಳೆಯಿತೆಂದು ಹೇಳುವ ಧೈರ್ಯ ಇಂದಿಗೂ ಸಾಲದು.) 1911ರಲ್ಲಿ, ಇಪ್ಪತ್ತೇಳರ ತರುಣರಾಗಿದ್ದ ಅವರು ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ, ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಉಪನ್ಯಾಸ ಮಾಡಿದರು. ಆದರೆ ಹೇಳಿದ್ದನ್ನು ಮಾಡಿ ತೋರಿಸುವ ‘ಇಂಗ್ಲಿಷ್ ಗೀತಗಳು’ ಪುಸ್ತಕವಾಗಿ ಬಂದದ್ದು 1926ರಲ್ಲಿ. ಆಗ ಅವರಿಗೆ ನಲವತ್ತೆರಡು. ತರಗತಿಯಲ್ಲಿ ಬೋಧಿಸಿದ ಪದ್ಯಗಳು ಆದಿಪ್ರಾಸದ ಕಟ್ಟನ್ನು ಸಡಿಲಿಸಿಕೊಂಡು, ಹೊಸ ನಡೆಯಲ್ಲಿ ಕನ್ನಡವಾದವು. ಇಂಗ್ಲಿಷಿನ ಪೀಠದಿಂದ ಇಳಿಯದೆಯೇ ಅವರು ಕನ್ನಡದ ಗೌರವ ಪ್ರಾಧ್ಯಾಪಕರೂ ಆದರು.

ಈ ಪರಿವರ್ತನೆಯ ಮರ್ಮ 1929ರ ‘ಅಶ್ವತ್ಥಾಮನ್’ ನಾಟಕದಲ್ಲಿ ಕಾಣುತ್ತದೆ. ಗ್ರೀಕ್ ಕವಿ ಸೋಫೋಕ್ಲೀಸನ ನಾಟಕದಲ್ಲಿ ವೀರ ಅಯಾಸನು ತನಗೆ ಸಲ್ಲಬೇಕಾದ ಗೌರವ ತಪ್ಪಿತೆಂದು ಕೆರಳಿ, ಮತಿಗೆಟ್ಟು, ವೈರಿಗಳೆಂದು ಭ್ರಮಿಸಿ ದನಕುರಿಗಳನ್ನು ಕಡಿದು, ಎಚ್ಚರವಾದಾಗ ನಾಚಿಕೆಯಿಂದ ಪ್ರಾಣ ಬಿಡುತ್ತಾನೆ. ಶ್ರೀಕಂಠಯ್ಯನವರು ಆ ದುರಂತವನ್ನು ದ್ರೋಣನ ಮಗನಿಗೆ ಹೊರಿಸಿ, ಹಳಗನ್ನಡದಲ್ಲಿ ನುಡಿಸಿದರು. ನಮ್ಮ ಪುರಾಣಗಳ ಚಿರಂಜೀವಿ ಇಲ್ಲಿ ಸಾಯುತ್ತಾನೆ! ಸಂಪ್ರದಾಯಸ್ಥರಿಗೆ ಇದು ಸಲ್ಲದ ಮಾತು. ಆಕ್ಷೇಪಕ್ಕೆ ಆಧಾರವೂ ಉಂಟು. ಆದರೂ ಆ ನಾಟಕವನ್ನು ಓದುವವನಿಗೆ ಗ್ರೀಕನೆಲ್ಲಿ ಮುಗಿದ, ಭಾರತವೀರನೆಲ್ಲಿ ಮೊದಲಾದ ಎಂದು ಗೆರೆಯೆಳೆಯುವುದು ಕಷ್ಟ. ಬರೆದವರ ವಿಷಯದಲ್ಲಿಯೂ ಹಾಗೆಯೇ; ಅವರೊಳಗಿನ ಇಂಗ್ಲಿಷ್ ಪ್ರಾಧ್ಯಾಪಕ ಎಲ್ಲಿಗೂ ಹೋಗಿರಲಿಲ್ಲ, ಕನ್ನಡಕ್ಕೆ ದುಡಿಯುತ್ತಿದ್ದ, ಅಷ್ಟೆ.

1942ರಲ್ಲಿ ಅವರು ನಿವೃತ್ತರಾದರು. ‘ರಾಜಸೇವಾಸಕ್ತ’ ಬಿರುದು ಬಂದಿತ್ತು; ಮನೆಯಲ್ಲಿ ಕುಳಿತು ವಿಶ್ರಮಿಸಿದ್ದರೆ ಯಾರೂ ಬೇಡವೆನ್ನುತ್ತಿರಲಿಲ್ಲ. ಆದರೆ ಅರವತ್ತರ ಹೊತ್ತಿಗೆ, ಆಗ ಹೊಸದಾಗಿ ತೆರೆದಿದ್ದ ಕಲಾ ಕಾಲೇಜೊಂದರ ಪ್ರಿನ್ಸಿಪಾಲರಾಗಿ ಅವರು ಧಾರವಾಡಕ್ಕೆ ಹೊರಟರು. ಮೈಸೂರು ಸಂಸ್ಥಾನದವರಿಗೆ ಅದು ಪರರಾಜ್ಯ, ಮುಂಬಯಿ ಪ್ರಾಂತ. ಎರಡು ನೆಲಗಳೂ ಒಂದಾಗುವ 1956ರ ನವೆಂಬರ್ ಇನ್ನೂ ದೂರವಿತ್ತು. ಹೊಸ ಊರು, ಕಿವಿಗೆ ಹೊಸದಾದ ಕನ್ನಡ, ಮೊದಲಿನಿಂದ ಕಟ್ಟಬೇಕಾದ ಕಾಲೇಜು.

1946ರ ಜನವರಿ 5ರಂದು ಅವರು ಧಾರವಾಡದಲ್ಲಿಯೇ ತೀರಿಕೊಂಡರು. ಅರವತ್ತೆರಡು ತುಂಬಿ ಎರಡು ದಿನವಾಗಿತ್ತು.