ಡಬ್ಬಿಯೊಳಗಿನ ಎಣ್ಣೆ ಯಾರಿಗೆ?

ಬುಲೆಟ್ಟಿನ ಎಡಗಡೆಯ ಅಗಲವಾದ ಅಲ್ಯೂಮಿನಿಯಂ ಮುಚ್ಚಳ ನಿಂತಿರುವುದು ನಡುವಿನ ಒಂದೇ ಒಂದು ನಟ್ಟಿನ ಮೇಲೆ. ಸುತ್ತ ಎಲ್ಲೂ ಸ್ಕ್ರೂ ಇಲ್ಲ. ಮೇಸ್ತ್ರಿ ಅದನ್ನು ಬಿಚ್ಚಿದರು. ಮುಚ್ಚಳ ಕೈಗೆ ಬಂತು, ಅರ್ಧ ಲೀಟರಿಗೆ ತುಸು ಕಡಿಮೆ ಕಪ್ಪು ಎಣ್ಣೆ ಟ್ರೇಗೆ ಇಳಿಯಿತು. ಎಪ್ಪತ್ತರ ದಶಕದ ಗಾಡಿ, ಮದರಾಸಿನ ತಿರುವೊಟ್ಟಿಯೂರಿನಲ್ಲಿ ಹುಟ್ಟಿದ್ದು. ಒಳಗಿನ ಚೈನ್ ತೆಗೆದು ಹಲ್ಲಿನ ಬೆಲ್ಟ್ ಹಾಕಿ, ಕ್ಲಚ್ ಡ್ರೈ ಮಾಡಿಕೊಡಿ ಅಂತ ಮಾಲೀಕರ ಬೇಡಿಕೆ.

ನನ್ನ ಗೊಂದಲ ಅದಕ್ಕೂ ಹಿಂದಿನದು. ಉಜ್ಜಾಟದ ಬಲದ ಮೇಲೆಯೇ ಬದುಕುವ ಕ್ಲಚ್ ಪ್ಲೇಟುಗಳನ್ನು ಎಣ್ಣೆಯಲ್ಲಿ ನೆನೆಹಾಕಿದ್ದಾದರೂ ಯಾಕೆ? ಎಣ್ಣೆ ಬಿದ್ದರೆ ಎಲ್ಲವೂ ಜಾರುತ್ತದೆ. ಇಲ್ಲಿ ಜಾರದಿರುವುದೇ ಕೆಲಸ.

"ಸಾರ್, ಎಣ್ಣೆ ಕ್ಲಚ್‌ಗೆ ಅಂತ ಯಾರ್ ಹೇಳಿದ್ದು ನಿಮ್ಗೆ? ಅದು ಚೈನ್‌ಗೆ."

ಇಂಜಿನ್ನಿನಿಂದ ಗೇರ್‌ಬಾಕ್ಸಿಗೆ ಬಲ ಒಯ್ಯುವ ಪ್ರೈಮರಿ ಚೈನಿಗೆ ಎಣ್ಣೆ ಬೇಕು. ಕ್ಲಚ್ ಆ ಮನೆಯಲ್ಲಿ ಬಾಡಿಗೆಗಿತ್ತು, ಅಷ್ಟೆ. ಎಣ್ಣೆಯಲ್ಲಿ ನೆನೆದ ಪ್ಲೇಟಿಗೆ ಒಣ ಪ್ಲೇಟಿನ ಅರ್ಧದಷ್ಟೂ ಹಿಡಿತ ಇರುವುದಿಲ್ಲ. ಅದನ್ನು ತುಂಬಿಕೊಳ್ಳಲು ಒಂದರ ಮೇಲೊಂದು ಪ್ಲೇಟು, ಮೇಲಿಂದ ಅದುಮಲು ಗಟ್ಟಿ ಸ್ಪ್ರಿಂಗು, ಅದರಿಂದಾಗಿ ಎಡಗೈ ಬೆರಳಿಗೆ ನೋವು. ಎಣ್ಣೆಯಿಂದ ಉಪಕಾರವೂ ಇಲ್ಲದಿಲ್ಲ: ಬಿಸಿ ಹೀರುತ್ತದೆ, ಹಿಡಿತವನ್ನು ನಯ ಮಾಡುತ್ತದೆ. ಆದರೆ ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಅದೇ ಎಣ್ಣೆ ಪ್ಲೇಟುಗಳನ್ನು ಅಂಟಿಸಿಡುತ್ತದೆ. ಹಳೆ ಬುಲೆಟ್ಟಿನವರು ಬೆಳಗ್ಗೆ ಕ್ಲಚ್ ಹಿಡಿದು ಒಂದೆರಡು ಸಲ ಸುಮ್ಮನೆ ಕಿಕ್ ತುಳಿಯುವುದನ್ನು ನೋಡಿದ್ದೆ. ಭಕ್ತಿಯಿಂದ ಮಾಡುವ ಶಾಸ್ತ್ರ ಅಂದುಕೊಂಡಿದ್ದೆ. ಅದು ಪ್ಲೇಟ್ ಬಿಡಿಸುವ ಕೆಲಸವಂತೆ.

ಚೈನಿಲ್ಲದ ಕಡೆ ಏನು ಮಾಡಿದ್ದಾರೆ ಅಂತ ನೋಡಿದರೆ ಮೇಸ್ತ್ರಿ ಮಾತಿಗೆ ಸಾಕ್ಷಿ ಸಿಗುತ್ತದೆ. ಬಿಎಂಡಬ್ಲ್ಯೂ 1923ರಲ್ಲಿ ತಂದ ಮೊದಲ ಬೈಕು ಆರ್32. ಇಂಜಿನ್ನಿನ ಬೆನ್ನಿಗೇ ಗೇರ್‌ಬಾಕ್ಸು, ನಡುವೆ ಚೈನೇ ಇಲ್ಲ. ಕ್ಲಚ್ ಕಾರಿನದರ ಹಾಗೆ ಒಣಗಿಯೇ ಇತ್ತು. ಇನ್ನೊಂದು ಅನುಕೂಲವೂ ಅದಕ್ಕಿತ್ತು: ಕ್ರ್ಯಾಂಕಿನ ಮೇಲೆಯೇ ಕುಳಿತ ಕ್ಲಚ್ಚು ಇಂಜಿನ್ನಿನ ತಿರುಚುಬಲವನ್ನಷ್ಟೇ ತಡೆದರೆ ಸಾಕು. ಬುಲೆಟ್ಟಿನಲ್ಲಿ ಚಿಕ್ಕ ಹಲ್ಲುಚಕ್ರದಿಂದ ದೊಡ್ಡದಕ್ಕೆ ಚೈನ್ ಹೋಗುವುದರಿಂದ ಕ್ಲಚ್ಚಿನ ಮೇಲೆ ಬೀಳುವ ಬಲ ಎರಡು ಪಟ್ಟಿಗೂ ಹೆಚ್ಚು. ಒಣ ಪ್ಲೇಟು ಹಾಕಿದರೂ ಒಂದೇ ಪ್ಲೇಟಿನಲ್ಲಿ ಮುಗಿಯುವುದಿಲ್ಲ.

ಬಿಚ್ಚುವ ಕ್ರಮ. ಮೊದಲು ಕ್ರ್ಯಾಂಕಿನ ತುದಿಯಲ್ಲಿರುವ ಆಲ್ಟರ್ನೇಟರ್. ಆಮೇಲೆ ಇಂಜಿನ್ ಸ್ಪ್ರಾಕೆಟ್, ಚೈನ್, ಕ್ಲಚ್ ಡ್ರಮ್, ಮೂರನ್ನೂ ಒಟ್ಟಿಗೇ ಎರಡೂ ಕೈಯಲ್ಲಿ ಹೊರಗೆಳೆಯಬೇಕು, ಏಕೆಂದರೆ ಈ ಚೈನಿಗೆ ಬಿಚ್ಚುವ ಕೊಂಡಿಯಿಲ್ಲ. ಬೆಲ್ಟಿಗೂ ಇಲ್ಲ, ಹಾಗಾಗಿ ಹಾಕುವಾಗಲೂ ಮೂರೂ ಜೊತೆಯಾಗಿಯೇ ಹೋಗಬೇಕು. ಹುಡುಗ ಒಂದು ಪುಲ್ಲಿ ಮುಂದೆ ಮಾಡಿದ, ಇನ್ನೊಂದು ಹಿಂದುಳಿಯಿತು. "ಒಟ್ಗೆ ಕಣೋ, ಒಟ್ಗೆ!"

ಇಲ್ಲೇ ದೊಡ್ಡ ತೊಡಕು. ನಾರ್ಟನ್, ಟ್ರಯಂಫ್‌ನಂಥ ಹಳೆ ಬ್ರಿಟಿಷ್ ಗಾಡಿಗಳಲ್ಲಿ ಗೇರ್‌ಬಾಕ್ಸನ್ನು ಹಿಂದಕ್ಕೆ ಮುಂದಕ್ಕೆ ಸರಿಸಿ ಬೆಲ್ಟ್ ಬಿಗಿ ಮಾಡಬಹುದು. ಬುಲೆಟ್ಟಿನ ಗೇರ್‌ಬಾಕ್ಸು ಕ್ರ್ಯಾಂಕ್‌ಕೇಸಿನ ಹಿಂಬದಿಗೇ ಬೋಲ್ಟಾಗಿದೆ. ಅಲುಗುವ ಮಾತೇ ಇಲ್ಲ. ಚೈನಿಗಾದರೆ ಕೆಳಗಿಂದ ಒತ್ತುವ ಟೆನ್ಷನರ್ ಇತ್ತು. ಅದು ಬೆಲ್ಟಿಗೆ ತಾಗಿದರೆ ಬೆಲ್ಟನ್ನು ತಿಂದು ಹಾಕುತ್ತದೆ, ಹಾಗಾಗಿ ತೆಗೆದಿಟ್ಟರು. ಅಂದರೆ ಬೆಲ್ಟಿನ ಉದ್ದವೂ ಪುಲ್ಲಿಯ ಹಲ್ಲೂ ಮೊದಲೇ ಲೆಕ್ಕಕ್ಕೆ ಸರಿಯಾಗಿರಬೇಕು. ಆಮೇಲೆ ತಿದ್ದಲು ಜಾಗವಿಲ್ಲ.

ಬೆಲ್ಟ್ ಹಾಕಿದ ಮೇಲೆ ನನಗೆ ಸಡಿಲ ಅನ್ನಿಸಿತು. ಬೆರಳಲ್ಲಿ ಎತ್ತಿದರೆ ಸುಮಾರು 10 ಮಿ.ಮೀ. ಆಡುತ್ತಿತ್ತು. ಹಾಗೇ ಇರಬೇಕಂತೆ. ಗಾಡಿ ಬಿಸಿಯಾದರೆ ಅಲ್ಯೂಮಿನಿಯಂ ಕೇಸು ಹಿಗ್ಗುತ್ತದೆ, ಪುಲ್ಲಿಯೂ ಹಿಗ್ಗುತ್ತದೆ, ಬೆಲ್ಟಿನೊಳಗಿನ ನಾರು ಹಿಗ್ಗುವುದಿಲ್ಲ. ತಣ್ಣಗಿರುವಾಗಲೇ ಬಿಗಿಯಾಗಿದ್ದರೆ ಬಿಸಿಯಲ್ಲಿ ಅದು ಕ್ರ್ಯಾಂಕಿನ ಬೇರಿಂಗನ್ನು ಜಗ್ಗುತ್ತದೆ.

ಇಷ್ಟಾದರೂ ಕ್ಲಚ್ಚಿನ ಕೆಲಸ ಅಂತ ನಡೆದದ್ದು ಕಡಿಮೆ. ಮೇಸ್ತ್ರಿಯ ಹೊತ್ತೆಲ್ಲ ಹೋದದ್ದು ಎಣ್ಣೆಯನ್ನು ಹೊರಗಿಡುವುದಕ್ಕೆ. ಪಿಸ್ಟನ್ ಇಳಿದಾಗಲೆಲ್ಲ ಕ್ರ್ಯಾಂಕ್‌ಕೇಸಿನ ಗಾಳಿ ಒತ್ತುತ್ತದೆ. ಬ್ರೀದರ್ ಕಟ್ಟಿದ್ದರೆ, ಸೀಲ್ ಸವೆದಿದ್ದರೆ ಇಂಜಿನ್ ಎಣ್ಣೆ ಕ್ರ್ಯಾಂಕಿನ ಬದಿಯಿಂದ ಇತ್ತ ಬರುತ್ತದೆ. ಅದಕ್ಕೆ ಹೊಸ ಸೀಲ್. ಇನ್ನೊಂದು ಕಳ್ಳದಾರಿ ಗೇರ್‌ಬಾಕ್ಸಿನ ಕಡೆಯಿಂದ: ಬಲಗಡೆಯ ಕ್ಲಚ್ ತೋಳು ಎಡಗಡೆಯ ಪ್ಲೇಟನ್ನು ತಳ್ಳುವುದು ಟೊಳ್ಳು ಶಾಫ್ಟಿನೊಳಗೆ ಹಾಯುವ ಸರಳಿನಿಂದ. ಆ ಸರಳಿನ ಗುಂಟ ಗೇರ್‌ಬಾಕ್ಸಿನ ಗ್ರೀಸು-ಎಣ್ಣೆಯ ಮಿಶ್ರಣ ಮೆಲ್ಲಗೆ ಒಸರಿ ನೇರ ಕ್ಲಚ್ಚಿನ ನಡುವಿಗೇ ಬರುತ್ತದೆ. ಡಬ್ಬಿಯಲ್ಲಿ ಎಣ್ಣೆ ಇದ್ದಷ್ಟು ದಿನ ಈ ಸೋರಿಕೆ ಯಾರ ಗಮನಕ್ಕೂ ಬಂದಿರಲಿಕ್ಕಿಲ್ಲ. ಈಗ ನಾಲ್ಕು ಹನಿ ಬಿದ್ದರೂ ಕ್ಲಚ್ ಸ್ಲಿಪ್ ಹೊಡೆಯುತ್ತದೆ.

ವಿನ್ಸೆಂಟ್ ಕಂಪನಿಯವರು ಇದೇ ಜಗಳ ಆಡಿದ್ದರು. 1946ರ ಸಿರೀಸ್ ಬಿ ರಾಪಿಡ್‌ನಲ್ಲಿ ಚೈನಿಗೆ ಎಣ್ಣೆಯ ಕೋಣೆ, ಕ್ಲಚ್ಚಿಗೆ ಬೇರೆ ಒಣ ಕೋಣೆ. ಆ ಕ್ಲಚ್ಚು ಡ್ರಮ್ ಬ್ರೇಕಿನ ಥರ ಶೂಗಳನ್ನು ಅಗಲಿಸಿ ಹಿಡಿಯುವಂಥದ್ದು, ಜಾಣ ವಿನ್ಯಾಸ. ಗೋಡೆ ದಾಟಿ ಎಣ್ಣೆ ಬಂದರೆ ಮಾತ್ರ ಜಾರುತ್ತಿತ್ತು. ಎಷ್ಟೋ ಮಾಲೀಕರು ಆಮೇಲೆ ಅದನ್ನು ತೆಗೆದು ಸಾಮಾನ್ಯ ಪ್ಲೇಟ್ ಕ್ಲಚ್ ಹಾಕಿಕೊಂಡರು.

ಮೈಸೂರಿನಲ್ಲಿ ಕೂತು ಜಾವಾ ಬಗ್ಗೆ ಕೇಳದಿದ್ದರೆ ಹೇಗೆ? ಕೇಳಿದೆ. ಇಲ್ಲಿನ ಐಡಿಯಲ್ ಜಾವಾದಲ್ಲಿ ತಯಾರಾದ ಗಾಡಿಗಳಲ್ಲಿ ಇಂಜಿನ್ನು, ಗೇರು ಒಂದೇ ಎರಕದ ಒಳಗೆ. ಗೇರಿನ ಎಣ್ಣೆಯೇ ಪ್ರೈಮರಿ ಚೈನಿಗೂ ಕ್ಲಚ್ಚಿಗೂ. ಮೇಸ್ತ್ರಿ ತಲೆ ಅಲ್ಲಾಡಿಸಿದರು: "ಅದ್ರಲ್ಲಿ ಎಣ್ಣೆ ತೆಗುದ್ರೆ ಗೇರೇ ಹೋಯ್ತದೆ ಸಾರ್."

ಸ್ಟಾರ್ಟ್ ಮಾಡಿದಾಗ ಮಾಲೀಕರ ಮುಖ ಸಣ್ಣದಾಯಿತು. ಲಿವರ್ ಹಿಡಿದರೆ ಪ್ಲೇಟುಗಳು ಡ್ರಮ್ಮಿನ ಸೀಳುಗಳಲ್ಲಿ ಗಲಗಲ ಅನ್ನುತ್ತವೆ, ಬಿಟ್ಟರೆ ಸದ್ದು ನಿಲ್ಲುತ್ತದೆ. ಒಣ ಕ್ಲಚ್ಚಿನ ಡುಕಾಟಿ ಓಡಿಸುವವರು ಇದೇ ಸದ್ದಿಗೆ ಮರುಳಾಗಿದ್ದಾರೆ. ಬುಲೆಟ್ಟಿನವರಿಗೆ ಡಬಡಬ ಬಿಟ್ಟು ಬೇರೆ ಏನು ಕೇಳಿದರೂ ರೋಗ. ಲಿವರ್ ಹಗುರವಾಗಿದೆ, ಸಿಗ್ನಲ್ಲಿನಲ್ಲಿ ನ್ಯೂಟ್ರಲ್ ಹುಡುಕಲು ಹಿಮ್ಮಡಿಯ ಪೆಡಲ್ ತುಳಿಯಬೇಕಿಲ್ಲ ಅಂತ ತಿಳಿದ ಮೇಲೆ ತುಸು ಸಮಾಧಾನ.

ಉಳಿದದ್ದು ಗಾಳಿ. ಬಿಸಿ ಹೀರಲು ಎಣ್ಣೆಯಿಲ್ಲವಾದರೆ ಮುಚ್ಚಳಕ್ಕೆ ತೂತು ಬೇಕು. ತೂತಿದ್ದರೆ ಮಳೆನೀರು, ಧೂಳು. ಮಾಲೀಕರಿಗೆ ಮುಂದುಗಡೆ ಅಂದವಾಗಿ ಸಾಲು ತೂತು ಬೇಕು, ಮೇಸ್ತ್ರಿಗೆ ಹಿಂದುಗಡೆ ಕೆಳಗೆ, ಜಾಲರಿ ಇಟ್ಟು. "ಜೂನ್‌ನಲ್ಲಿ ಮಡಿಕೇರಿಗೆ ಹೋಗೋರು ನೀವಾ, ನಾನಾ?" ಅಂದರು ಮೇಸ್ತ್ರಿ. ನನ್ನ ಕಡೆಯಿಂದ ಇನ್ನೊಂದು ಅನುಮಾನ ಉಳಿದಿದೆ: ಆಲ್ಟರ್ನೇಟರಿನ ಸುರುಳಿಗಳೂ ಇಷ್ಟು ವರ್ಷ ಅದೇ ಎಣ್ಣೆಯಲ್ಲಿ ತಣ್ಣಗಿದ್ದವಲ್ಲ, ಅವಕ್ಕೆ ಈ ಗಾಳಿ ಸಾಕೇ? ತೂತು ಕೊರೆಯುವ ಮುಂಚೆ ಕೇಳಬೇಕು.